ಕರಸ್ಥಲಕ್ಕೆ ಕಾಯಕದ ಚಿಕಿತ್ಸೆ



ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ, ಕಣ್ಣಿನ ನೇರಕ್ಕೆ ಹಿಡಿದು, ಅನಿಮಿಷ ದೃಷ್ಟಿಯಿಂದ ನೋಡುವ ಈ ಪೂಜೆಗೆ ಗರ್ಭಗುಡಿ ಬೇಡ, ಪೂಜಾರಿಯೂ ಬೇಡ. ಬೇಕಾದುದು ಒಂದು ಕೈ. ಆ ಕೈಯನ್ನು ಕರಸ್ಥಲವೆಂದು ಕರೆದು ಶರಣರು ಅದಕ್ಕೊಂದು ಕ್ಷೇತ್ರದ ಮಹಿಮೆಯನ್ನಿತ್ತರು. ಆ ಕೈಯನ್ನೇ ಎತ್ತಲಾಗದಿದ್ದರೆ ಭಕ್ತನ ಗತಿಯೇನು? ಇದು ನನ್ನ ಪಾಲಿಗೆ ಕೇವಲ ತಾತ್ತ್ವಿಕ ಜಿಜ್ಞಾಸೆಯಾಗಿರಲಿಲ್ಲ.

2022ರಲ್ಲಿ ನನಗೆ ಎಡ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದರು. ಬಳಿಕ ವಿಕಿರಣ ಚಿಕಿತ್ಸೆಯೂ ನಡೆಯಿತು. ಮರುವರ್ಷ ರವಿಕೆಯ ಎಡತೋಳು ಬಿಗಿಯತೊಡಗಿತು, ಬಳೆಗಳು ಇಳಿಯದಾದವು, ಸಂಜೆಯಾಗುತ್ತಲೇ ಕೈ ಕಲ್ಲಿನಂತೆ ಭಾರವಾಗುತ್ತಿತ್ತು. ವೈದ್ಯರು ಇದನ್ನು ಲಿಂಫೆಡೀಮಾ, ಅಂದರೆ ದುಗ್ಧರಸದ ಬಾವು ಎಂದರು.

ರಕ್ತನಾಳಗಳಿಂದ ಹೊರಗೆ ಒಸರಿದ ದ್ರವದ ಒಂದು ಭಾಗ ದುಗ್ಧನಾಳಗಳಲ್ಲಿ ಹರಿದು, ಗ್ರಂಥಿಗಳನ್ನು ಹಾಯ್ದು ಮರಳಿ ರಕ್ತವನ್ನು ಸೇರುತ್ತದೆ. ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಇಲ್ಲವೆ ವಿಕಿರಣದಿಂದ ಆ ದಾರಿ ಕೆಟ್ಟಾಗ, ದ್ರವ ತೋಳಿನಲ್ಲೇ ತಂಗುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಕಂಕುಳಿನ ಗ್ರಂಥಿಗಳನ್ನು ವ್ಯಾಪಕವಾಗಿ ತೆಗೆಸಿಕೊಂಡ ಮಹಿಳೆಯರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ಈ ಬಾವು ಬರುತ್ತದೆ; ಮೊದಲ ಸಾಲಿನ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸಿದವರಲ್ಲಿ ಇದು ನೂರಕ್ಕೆ 6ರಷ್ಟು. ಒಮ್ಮೆ ನೆಲೆನಿಂತ ಬಾವನ್ನು ಹತೋಟಿಯಲ್ಲಿಡಬಹುದೇ ಹೊರತು ಸಾಮಾನ್ಯವಾಗಿ ಪೂರ್ಣ ನೀಗಿಸಲಾಗದು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಜಂಗಮವಾಗಿ ಹರಿಯಬೇಕಾದುದು ನನ್ನ ತೋಳಿನಲ್ಲಿ ಸ್ಥಾವರವಾಗಿ ನಿಂತಿತ್ತು.

ಬಂಧುಗಳಲ್ಲಿ ಹಿರಿಯರೊಬ್ಬರು ನೋಡಲು ಬಂದವರು, “ರೋಗದ ಕೈಯಾಗ ಲಿಂಗ ಹಿಡೀಬಾರದವ್ವಾ, ಗುಣ ಆಗೂತನಕ ಪೂಜಿ ಬಿಡು” ಎಂದರು. ಗುಣವಾಗದ ಬಾವಿಗೆ ಗುಣವಾಗುವತನಕ ಎಂದರೆ ಜೀವಮಾನವೆಲ್ಲ ಎಂದೇ ಅರ್ಥ. ಅಂದು ರಾತ್ರಿ ನಿದ್ರೆ ಬರಲಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನೇ ತಳ್ಳಿಹಾಕಿದ ಶರಣಧರ್ಮವು ರೋಗವೆಂಬ ಆರನೆಯ ಸೂತಕವನ್ನು ಒಪ್ಪೀತೆ? ಒಪ್ಪದು ಎಂದು ಮನಸ್ಸು ನಿಶ್ಚಯಿಸಿತು. ಆದರೆ ನಿಶ್ಚಯದಿಂದ ತೋಳು ಮೇಲೇಳಲಿಲ್ಲ.

ಅದನ್ನು ಎತ್ತಿಸಿದ್ದು ಆಕ್ಯುಪೇಷನಲ್ ಥೆರಪಿ. ಕನ್ನಡದಲ್ಲಿ ಇದನ್ನು ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಆ ಹೆಸರು ನೌಕರಿಯನ್ನು ನೆನಪಿಸುತ್ತದೆ. ಆದರೆ ಮೀಯುವುದು, ಉಡುವುದು, ಅಡುಗೆ, ದುಡಿಮೆ, ಪೂಜೆ ಎಲ್ಲವೂ ಈ ವಿದ್ಯೆಯ ವ್ಯಾಪ್ತಿಯೊಳಗೆ ಬರುತ್ತವೆ. ನಮ್ಮ ‘ಕಾಯಕ’ವೆಂಬ ಪದವೇ ಇದಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್.

ನನ್ನ ಚಿಕಿತ್ಸಕಿ ಅನ್ಯಧರ್ಮದ ಒಬ್ಬ ತರುಣಿ. ಅವರು ಮೊದಲು ಕೇಳಿದ್ದು ನೋವಿನ ವಿಚಾರವನ್ನಲ್ಲ. “ಅಮ್ಮಾ, ಈ ಕೈಯಿಂದ ನಿಮಗೆ ಎಲ್ಲಕ್ಕಿಂತ ಮೊದಲು ಯಾವ ಕೆಲಸ ಆಗಬೇಕು?” ಎಂದರು. ಲಿಂಗಪೂಜೆ ಎಂದೆ. ಹೇಗೆ ಕೂರುತ್ತೀರಿ, ಕೈ ಎಷ್ಟು ಎತ್ತರಕ್ಕಿರುತ್ತದೆ, ಎಷ್ಟು ಹೊತ್ತು ಹಿಡಿಯುತ್ತೀರಿ ಎಂದು ಒಂದೊಂದನ್ನೂ ವಿಚಾರಿಸಿ ಬರೆದುಕೊಂಡರು. ಆ ಬಳಿಕವೇ ಟೇಪು ಹಿಡಿದು ಎರಡೂ ತೋಳುಗಳ ಸುತ್ತಳತೆಯನ್ನು ತೆಗೆದರು.

ಮೊದಲ ಕೆಲವು ವಾರ ಚರ್ಮದ ಆರೈಕೆ, ಬೆರಳ ತುದಿಗಳಿಂದ ಮಾಡುವ ಹಗುರವಾದ ನೀವಿಕೆ, ಬೆರಳುಗಳಿಂದ ತೋಳಿನ ಮೇಲ್ಭಾಗದವರೆಗೆ ಪದರ ಪದರವಾಗಿ ಸುತ್ತುವ ಪಟ್ಟಿ, ಪಟ್ಟಿಯೊಳಗೇ ಮಾಡುವ ವ್ಯಾಯಾಮ ನಡೆದವು. ಪಟ್ಟಿ ಬಿಚ್ಚುತ್ತಿದ್ದುದು ಸ್ನಾನಕ್ಕೆ ಮತ್ತು ಚಿಕಿತ್ಸೆಗೆ ಮಾತ್ರ. ಸ್ನಾನವಾಗಿ ಮತ್ತೆ ಪಟ್ಟಿ ಸುತ್ತುವ ನಡುವಿನ ಆ ಅಲ್ಪಕಾಲವನ್ನೇ ಚಿಕಿತ್ಸಕಿ ಪೂಜೆಗೆ ಗೊತ್ತುಮಾಡಿದರು. ಮೊಣಕೈ ಕೆಳಗೆ ಎತ್ತರದ ಮಣೆ, ಅದರ ಮೇಲೆ ಮಡಿಸಿದ ವಸ್ತ್ರ. ತೋಳಿನ ಭಾರವನ್ನೆಲ್ಲ ಮಣೆ ಹೊತ್ತುಕೊಂಡರೆ ಅಂಗೈ ಲಿಂಗವನ್ನಷ್ಟೇ ಹೊರುತ್ತದೆ. ಅದಕ್ಕೆ ಮುನ್ನ ಹೊಟ್ಟೆಯುಬ್ಬುವಂತೆ ದೀರ್ಘವಾಗಿ ಉಸಿರಾಡಿ, ಹತ್ತಾರು ಸಲ ಮುಷ್ಟಿ ಬಿಗಿದು ಬಿಚ್ಚಬೇಕು; ಉಸಿರೂ ಸ್ನಾಯುವೂ ಸೇರಿ ದುಗ್ಧರಸವನ್ನು ಮುಂದೂಡುತ್ತವೆ. ಬಿಲ್ವದ ಮುಳ್ಳು ತಾಗಿದರೂ ಇಂಥ ತೋಳಿಗೆ ಸೋಂಕು ತಗಲೀತೆಂದು ಪತ್ರೆ ಕೊಯ್ಯುವ ಕೆಲಸವನ್ನು ಮನೆಯವರಿಗೆ ವಹಿಸಿದರು. ಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕೆಂದು ಎಚ್ಚರಿಸಿದರು. ಬಾವು ಇಳಿದ ಮೇಲೆ ಪಟ್ಟಿಯ ಬದಲು ಹಗಲಲ್ಲಿ ತೊಡಲು ಬಿಗಿಯಾದ ತೋಳುಚೀಲ ಬಂತು. ಅದು ಮಣಿಕಟ್ಟಿಗೆ ಮುಗಿಯುತ್ತದೆ. ಅಂಗೈ ಲಿಂಗಕ್ಕೆ ತೆರೆದೇ ಇರುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ನಾವೆಲ್ಲ ಬಲ್ಲೆವು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮನವರು ಹೇಳಿದರು. ಇದನ್ನು ದುರಾಸೆಯ ನಿಷೇಧವೆಂದು ನಾವು ಓದುತ್ತೇವೆ. ಚಿಕಿತ್ಸೆಯ ದಿನಗಳಲ್ಲಿ ನನಗೆ ಇದರಲ್ಲಿ ಕಾಯಕದ ಅಳತೆಯೂ ಕಂಡಿತು. ಒಂದೇ ಸಲಕ್ಕೆ ಇಪ್ಪತ್ತು ರೊಟ್ಟಿ ತಟ್ಟುವುದಲ್ಲ. ಐದು ತಟ್ಟಿ, ಕೈಯನ್ನು ದಿಂಬಿನ ಮೇಲಿರಿಸಿ, ದಣಿವಾರಿದ ಮೇಲೆ ಮತ್ತೆ ಐದು. ತುಂಬಿದ ಕೊಡಕ್ಕೆ ಬದಲು ಎರಡು ತಂಬಿಗೆ. ಬೆಂಕಿಯ ಬಳಿ ಉದ್ದ ಹಿಡಿಕೆಯ ಇಕ್ಕಳ.

ಅಳತೆಯೆಂದರೆ ಕೈಕಟ್ಟಿ ಕೂರುವುದೂ ಅಲ್ಲ. ಇಂಥ ತೋಳಿನಿಂದ ಏನನ್ನೂ ಎತ್ತಬಾರದೆಂದು ಬಹುಕಾಲ ಹೇಳಲಾಗುತ್ತಿತ್ತು. 2009ರಲ್ಲಿ ಅಮೆರಿಕೆಯಲ್ಲಿ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಂಗಡಿಗರು ಬಾವಿದ್ದ 141 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ತೋಳುಚೀಲ ತೊಟ್ಟು, ವಾರಕ್ಕೆರಡು ಸಲ, ಸ್ವಲ್ಪ ಸ್ವಲ್ಪವೇ ಭಾರವನ್ನು ಹೆಚ್ಚಿಸುತ್ತ ಎತ್ತಿದವರಲ್ಲಿ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವ ಪ್ರಸಂಗಗಳೂ ಕಡಿಮೆಯಾದವು. ಬಳಲಿಸುವ ದುಡಿಮೆಯೂ ಬೇಡ, ಬತ್ತಿಸುವ ವಿಶ್ರಾಂತಿಯೂ ಬೇಡ ಎಂಬ ನಡುದಾರಿಯಿದು.

ನನ್ನ ಎಡತೋಳು ಇಂದಿಗೂ ಬಲತೋಳಿಗಿಂತ ದಪ್ಪವಾಗಿಯೇ ಇದೆ. ಶರಣರು ದೇಹವನ್ನು ದೇಗುಲವೆಂದು ಕಂಡಾಗ ಸುಂದರ ದೇಹ, ಪೂರ್ಣಾಂಗದ ದೇಹ ಎಂದು ವಿಂಗಡಿಸಲಿಲ್ಲ. ಯಾವ ಕಾಯವು ಕಾಯಕಕ್ಕೆ ಸಲ್ಲುವುದೋ ಅದೇ ದೇಗುಲ. ಈ ರೋಗಕ್ಕೆ ಶಸ್ತ್ರಚಿಕಿತ್ಸೆಯಾದ ತಾಯಂದಿರು, ಅಕ್ಕತಂಗಿಯರು ತೋಳು ಭಾರವೆನಿಸಿದ ಮೊದಲ ದಿನಗಳಲ್ಲೇ ವೈದ್ಯರಿಗೆ ತಿಳಿಸಲಿ, ಇಂಥ ಚಿಕಿತ್ಸಕರಲ್ಲಿಗೆ ಕಳುಹಿಸಿರೆಂದು ಕೇಳಲಿ. ಮನೆಯವರು ಕೊಡ ಹೊರುವುದನ್ನೂ ಪತ್ರೆ ಕೊಯ್ಯುವುದನ್ನೂ ದಾಸೋಹವೆಂದು ಬಗೆಯಲಿ. ಬಾವು ಬಂದ ಕೈಯಿಂದ ಲಿಂಗವನ್ನು ಬಿಡಿಸುವ ಮಾತನ್ನು ಯಾರೂ ಆಡದಿರಲಿ.