ಎರಡು ಸಾಲು ತೊಗರಿ

8 ಜೂನ್ 2025, ರವಿವಾರ. ಶಹಾಬಾದ್

ನಸುಕಿನಲ್ಲಿ ಟೀಸಿ ಹೋದ. ನಿನ್ನೆ ಸಂಜೆಯಿಂದಲೇ ತಲೆ ಎತ್ತಿರಲಿಲ್ಲ. ಕಿಡ್ನಿ ಎರಡೂ ಸೋತಿವೆ, ಚರ್ಮದ ಕೆಳಗೆ ಸಲಾಯಿನ್ ಕೊಟ್ಟು ಒಂದಿಷ್ಟು ದಿನ ಆರಾಮವಾಗಿ ಇಡಬಹುದು ಅಷ್ಟೇ ಎಂದು ಏಪ್ರಿಲ್‌ನಲ್ಲೇ ಕಲಬುರಗಿಯ ಡಾಕ್ಟರು ಹೇಳಿದ್ದರು. ಬೇಸಿಗೆಯಿಡೀ ನೀರು ಕುಡಿದೇ ಕುಡಿದ, ರೊಟ್ಟಿ ಮೂಸಿ ಬಿಟ್ಟ, ಪಡಸಾಲೆಯ ಫರಸಿಗೆ ಹೊಟ್ಟೆ ಊರಿ ಮಲಗಿದ. ನಮ್ಮ ಕಡೆಯ ಮೇ ತಿಂಗಳಲ್ಲಿ ಆ ಕಲ್ಲಿಗಿಂತ ತಂಪಾದ ಜಾಗ ಇಲ್ಲ.

ಇವರು ಹಾರಿ, ಸಲಿಕೆ ತಗೊಂಡು ಹಿತ್ತಲಿಗೆ ಹೋದರು. ಪೇರಲ ಗಿಡದ ಬುಡದಲ್ಲಿ ಮೊಳದಷ್ಟು ತೋಡುವುದರೊಳಗೆ ಹಾರಿ ಠಣ್ ಅಂದಿತು. ಗೋಡೆಯ ಕಡೆಗೆ ಸರಿದು ತೋಡಿದರು, ಅಲ್ಲಿಯೂ ಠಣ್. ನಮ್ಮ ಊರೇ ಹಾಗೆ. ಮೇಲೆ ಒಂದಿಷ್ಟು ಕರಿಮಣ್ಣು, ಕೆಳಗೆ ಪದರ ಪದರ ಸುಣ್ಣದ ಕಲ್ಲು. ಎಲ್ಲೆಲ್ಲಿಯೋ ಮನೆಗಳಿಗೆ, ಸ್ಟೇಷನ್ನುಗಳಿಗೆ ನೆಲ ಹಾಸಿಕೊಟ್ಟ ಊರಿನಲ್ಲಿ ಒಂದು ನಾಯಿಗೆ ಆಗುವಷ್ಟು ಮಣ್ಣಿಲ್ಲ. ಮಗ್ಗುಲ ಮನೆಯ ಕಾಕಾ ಕಂಪೌಂಡಿನ ಮೇಲಿಂದ, "ಹಳೇ ಖಣಿಗೆ ಒಯ್ದು ಒಗೀರಿ, ಎಲ್ಲಾರೂ ಅಲ್ಲೇ ಒಗೀತಾರ" ಅಂದರು. ಕೆಟ್ಟದ್ದಕ್ಕೆ ಹೇಳಿದ ಮಾತಲ್ಲ. ಆದರೂ 'ಒಗೆಯುವುದು' ಕೇಳಿ ನನಗೆ ಸಿಟ್ಟು ಬಂತು.

ಮಳಖೇಡದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ತೊಗರಿ ಇನ್ನಾ ಬಿತ್ತಿಲ್ಲ, ತಗೊಂಡು ಬಾ ಅಕ್ಕಾ" ಅಂದ. ಟೀಸಿಯನ್ನು ಅವನು ಮಲಗುತ್ತಿದ್ದ ಕೌದಿಯಲ್ಲೇ ಸುತ್ತಿ ಟಂಟಂನಲ್ಲಿ ಇಟ್ಟೆವು. ಚಿತ್ತಾಪುರ ದಾಟುವಾಗ ಡ್ರೈವರ್ ಹುಡುಗ "ಏನದರೀ ಅದ್ರಾಗ?" ಅಂತ ಕೇಳಿದ. ಹೇಳಿದೆ. ಕೈ ಚಾಚಿ ಹಾಡು ಬಂದ್ ಮಾಡಿದ, ಮಳಖೇಡದ ತನಕ ಮತ್ತೆ ಹಚ್ಚಲಿಲ್ಲ.

ಎರೆಹೊಲ ಬಿಸಿಲಿಗೆ ಬಿರಿದು ಕೂತಿತ್ತು. ತಮ್ಮ ಎದೆಮಟ್ಟ ತೋಡಿದರೂ ಕಲ್ಲು ಸಿಗಲಿಲ್ಲ. ಮೇಲೆ ಉಪ್ಪು ಸುರಿದು ಮುಚ್ಚಿದ. ಮಿರಗ ಕೂಡುವ ಹೊತ್ತು, ಆಕಾಶದಲ್ಲಿ ಮೋಡ ಇದ್ದವು. ಮಳೆ ಬರಲಿಲ್ಲ.

11 ಜೂನ್, ಬುಧವಾರ

ಕಾರಹುಣ್ಣಿಮೆ. ಓಣಿಯಲ್ಲಿ ಎತ್ತುಗಳ ಕೋಡಿಗೆ ಬಣ್ಣ, ಮೈಮೇಲೆ ಝೂಲ, ಹಲಗೆಯ ಸದ್ದು. ಎತ್ತಿಗೆ ಹುಣ್ಣಿಮೆ ಇದೆ, ಹಾವಿಗೆ ಪಂಚಮಿ ಇದೆ. ನೇಪಾಳದಲ್ಲಿ ದೀಪಾವಳಿಯ ಹೊತ್ತಿಗೆ ಒಂದು ದಿನ ನಾಯಿಗಳಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಾರಂತೆ. ನಮ್ಮಲ್ಲಿ ಹಾಗೆಲ್ಲ ಏನಿಲ್ಲ. ಗಾಣಗಾಪುರದಿಂದ ತಂದ ದತ್ತನ ಫೋಟೋದಲ್ಲಿ ಮಾತ್ರ ನಾಲ್ಕು ನಾಯಿಗಳಿವೆ. ಅಲ್ಲಿ ಮಧ್ಯಾಹ್ನ ಮಾಧುಕರಿಯ ಹೊತ್ತಿಗೆ ದತ್ತ ಯಾವ ರೂಪದಲ್ಲಾದರೂ ಬಂದಾನು ಅಂತ ನಾಯಿಗೂ ಒಂದು ತುತ್ತು ಹಾಕುತ್ತಾರೆ. ಅತ್ತೆಯವರು ಬದುಕಿದ್ದಾಗ ಟೀಸಿಯನ್ನು ಬಯ್ಯುತ್ತ ಬಯ್ಯುತ್ತಲೇ ರೊಟ್ಟಿ ಹಾಕುತ್ತಿದ್ದುದು ಆ ಹೆದರಿಕೆಗೇ ಇರಬೇಕು.

ಅವನು ನಮ್ಮ ಕಡೆ ಬಂದದ್ದು ವಾಡಿ ಜಂಕ್ಷನ್ನಿನಿಂದ. ನಾನು ವಾಡಿಯ ಶಾಲೆಗೆ ವರ್ಗವಾಗಿ ಬಂದ ಹೊಸತು, 2014. ಮುಂಬೈ ಕಡೆಯ ಗಾಡಿ, ರಾಯಚೂರಿನ ಗಾಡಿ, ಸೇಡಂ-ತಾಂಡೂರಿನ ಮೇಲೆ ಸಿಕಂದರಾಬಾದಿಗೆ ಹೋಗುವ ಗಾಡಿ, ಎಲ್ಲ ಅಲ್ಲಿಯೇ ಕೂಡುತ್ತವೆ. ಮೈತುಂಬ ಉಣ್ಣಿ ಹತ್ತಿದ್ದ ಒಂದು ಕಂದು ಕುನ್ನಿ ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಚೀಲವನ್ನೂ ಬಿಡದೆ ಮೂಸುತ್ತ ನಡೆಯುತ್ತಿತ್ತು. "ಟೀಸಿ ಬಂದಾ ನೋಡ್ರಿ, ಟಿಕೀಟ್ ತೆಗೀರಿ" ಅಂತ ಚಹಾದವನು ನಗಾಡುತ್ತಿದ್ದ. ಒಂದು ಸಂಜೆ ಅದು ನನ್ನ ಹಿಂದೆಯೇ ಪ್ಯಾಸೆಂಜರ್ ಏರಿ ಶಹಾಬಾದಿನಲ್ಲಿ ಇಳಿಯಿತು. ಟಿಕೀಟ್ ಇಲ್ಲದೆ ಬಂದ ಟೀಸಿ.

16 ಜೂನ್, ಸೋಮವಾರ

ಶಾಲೆಗೆ ಹೋದೆ. ಸಿ.ಎಲ್. ಅರ್ಜಿಯಲ್ಲಿ ಕಾರಣ 'ಸ್ವಂತ ಕೆಲಸ' ಅಂತ ಬರೆದಿದ್ದೆ. ಸುದ್ದಿ ಹೇಗೆ ಮುಟ್ಟಿತೋ. ಸ್ಟಾಫ್ ರೂಮಿನಲ್ಲಿ ಒಬ್ಬರು "ನಾಯಿ ಸತ್ತಿದ್ದಕ್ಕ ರಜಾ ಹಾಕಿದ್ರೇನ್ರಿ ಟೀಚರ್?" ಅಂದರು. ಇನ್ನೊಬ್ಬರು ಅಕ್ಕರೆಯಿಂದ, "ನಮ್ಮ ಓಣ್ಯಾಗ ಐದು ಮರಿ ಹಾಕ್ಯಾದ, ಒಂದು ತಂದು ಕೊಡ್ತೀನಿ" ಅಂದರು. ಮನುಷ್ಯರು ಸತ್ತ ಮನೆಗೆ ಬಂದವರು ಹೇಳಬೇಕಾದ ಮಾತುಗಳು ಎಲ್ಲರಿಗೂ ಬಾಯಿಪಾಠ. ನಾಯಿ ಸತ್ತರೆ ಏನನ್ನಬೇಕೆಂದು ಯಾರೂ ಕಲಿಸಿಲ್ಲ, ಅದಕ್ಕೆ ನಗುತ್ತಾರೆ ಇಲ್ಲವೆ ಮರಿ ಕೊಡುತ್ತೇನೆ ಅನ್ನುತ್ತಾರೆ. ಅವರನ್ನು ಬಯ್ದು ಉಪಯೋಗವಿಲ್ಲ.

ಪಿ.ಟಿ. ಮಾಸ್ತರು ಒಬ್ಬರೇ ಬೇರೆ ಕೇಳಿದರು. ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಅಂಚಿನ ತಾಂಡಾದವರು. ಬಹಳ ಮಾತಿನವರಲ್ಲ. ಘಂಟೆ ಹೊಡೆದ ಮೇಲೆ ಬಾಗಿಲ ಹತ್ತಿರ ನಿಂತು, "ಕಡೀಕ ನೀರು ಕುಡದಾನೇನ್ರಿ?" ಅಂದರು.

ಕುಡಿದಿದ್ದ. ರಾತ್ರಿ ಹತ್ತಿಯಲ್ಲಿ ಅದ್ದಿ ಹಿಂಡಿದ ನೀರನ್ನು ನೆಕ್ಕಿದ್ದ. ಹಾಗಂದೆ.

"ಹಂಗಾದ್ರ ಛಲೋ ಆಯ್ತು. ನಮ್ಮದಕ್ಕ ತೋಳ ಹಿಡದಿತ್ತು. ನಾವು ಹೋಗೋದ್ರಾಗ ಏನೂ ಉಳದಿದ್ದಿಲ್ಲ" ಅಂದು ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋದರು.

29 ಜೂನ್, ರವಿವಾರ

ರೊಟ್ಟಿ ಬಡಿಯುವಾಗ ಕೊನೆಯ ಹಿಟ್ಟನ್ನು ಕೈ ತಾನಾಗಿಯೇ ಸಣ್ಣದಾಗಿ ಹಿಸಿಯುತ್ತದೆ. ಅವನ ಬಿಲ್ಲೆ. ಹಂಚಿನ ಮೇಲೆ ಇವತ್ತೂ ಬೆಂದಿತು. ಇವರು ಏನೂ ಅನ್ನದೆ ಹಾಲಿನಲ್ಲಿ ಅದ್ದಿ ತಿಂದರು.

ಎಂಟನೆಯವರಿಗೆ ರಾಷ್ಟ್ರಕೂಟರ ಪಾಠ ತಯಾರಿ ಮಾಡುವಾಗ ಆತಕೂರು ಶಾಸನ ಬಂತು. ಎಷ್ಟೋ ವರ್ಷ ತಕ್ಕೋಲದ ಯುದ್ಧಕ್ಕೆ ಆಧಾರ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತಿದ್ದೆ. ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದ್ದು, ಗಂಗರ ಬೂತುಗ ರಾಜಾದಿತ್ಯನನ್ನು ಕೊಂದದ್ದು, ಎಲ್ಲ ಸರಿ. ಆದರೆ ಆ ಕಲ್ಲು ನಿಂತದ್ದು ಅದಕ್ಕಲ್ಲವಲ್ಲ. ಬೂತುಗನ ಆಳು ಮಣಲೇರ. ಕಾದಾಟದಲ್ಲಿ ಅವನ ಶೌರ್ಯ ಕಂಡು ಒಡೆಯ ಮೆಚ್ಚಿ ಬೇಕಾದ್ದು ಬೇಡು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿ, ನಾಯಿ ಎರಡೂ ಹೊಡೆದಾಡಿ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಂಡರೆ ಪಾಪ ಅಂತಲೂ ಬರೆಸಿದರು. ಶಕ 872, ಅಂದರೆ 949-50. ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, ಕಲ್ಲು ಈಗ ಬೆಂಗಳೂರಿನ ಮ್ಯೂಜಿಯಂನಲ್ಲಿದೆ. ಆ ಕೃಷ್ಣನ ರಾಜಧಾನಿ ಮಾನ್ಯಖೇಟ ಅಂದರೆ ಸೇಡಂ ತಾಲ್ಲೂಕಿನ ನಮ್ಮ ಮಳಖೇಡವೇ. ಟೀಸಿ ಈಗ ಅಲ್ಲಿಯ ಮಣ್ಣಿನಲ್ಲಿದ್ದಾನೆ.

ಕಾಳಿ ಹಂದಿಯನ್ನು ಕೊಂದಳು. ನಮ್ಮವನು? ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರುತ್ತಿದ್ದ. ಕಳ್ಳ ಬಂದರೂ ಮೂಸಿ ಒಳಗೆ ಬಿಡುತ್ತಿದ್ದನೇನೋ. ಇಲಿ ಸಹ ಹಿಡಿಯಲಿಲ್ಲ. ಹೊಲ ಕಾಯಲಿಲ್ಲ, ಬೇಟೆ ಆಡಲಿಲ್ಲ, ಮನೆ ಕಾಯುವುದಂತೂ ದೂರ. ಮಲಗುತ್ತಿದ್ದ, ಏಳುತ್ತಿದ್ದ, ಸಂಜೆ ಗಾಡಿಯ ಹೊತ್ತಿಗೆ ಗೇಟಿನಲ್ಲಿ ಕೂತಿರುತ್ತಿದ್ದ. ವೀರಗಲ್ಲು ವೀರರಿಗೆ. ಏನೂ ಮಾಡದೆ ಸುಮ್ಮನೆ ಜೊತೆಗೆ ಇದ್ದವರಿಗೆ ಎಂಥ ಕಲ್ಲು?

13 ಜುಲೈ, ರವಿವಾರ. ಮಳಖೇಡ

ಫರಸಿ ಪಾಲಿಶ್ ಮಾಡುವಲ್ಲಿ ಕೇಳಿದೆ. ಮೂಲೆ ಮುರಿದ ಎರಡು ಫೂಟಿನ ತುಂಡು ಗೋಡೆಗೆ ಆನಿಸಿತ್ತು. ರೊಕ್ಕ ಬ್ಯಾಡ, ಒಯ್ರಿ ಅಂದ. "ಹೆಸರು ಕೊರೀಬೇಕೇನ್ರಿ?" ಅಂತ ಕೇಳಿದ. ಒಂದು ಗಳಿಗೆ ಆಸೆಯಾಯಿತು. ಬೇಡ ಅಂದೆ. ಮೇಲೆ ಮಲಗುತ್ತಿದ್ದವನ ಮೇಲೆ ಅದೇ ಕಲ್ಲು ಮಲಗಿದರೆ ಸಾಕು, ಓದುವವರಾದರೂ ಯಾರು.

ತೊಗರಿ ಎರಡೆಲೆ ಬಿಟ್ಟಿತ್ತು. ಕುಣಿಯ ಜಾಗ ಒಂದಿಷ್ಟು ಕುಸಿದಿತ್ತು, ಮಣ್ಣು ತುಂಬಿ ಕಲ್ಲಿಟ್ಟೆವು. ತಮ್ಮನ ಹೆಂಡತಿ ಊದಿನಕಡ್ಡಿ ತಂದಿದ್ದಳು. ಹಚ್ಚುವುದೋ ಬಿಡುವುದೋ ತಿಳಿಯದೆ ನನ್ನ ಮುಖ ನೋಡಿದಳು. ಹಚ್ಚವ್ವಾ ಅಂದೆ.

12 ಆಗಸ್ಟ್, ಮಂಗಳವಾರ

ಗಾಡಿಯಲ್ಲಿ ಎಲ್ಲರ ಬಾಯಲ್ಲೂ ನಾಯಿ. ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ, ಮತ್ತೆ ಬೀದಿಗೆ ಬಿಡಬೇಡಿ ಅಂತ ನಿನ್ನೆ ಸುಪ್ರೀಂ ಕೋರ್ಟ್ ಹೇಳಿದೆ. "ಛಲೋ ಆತು, ನಮ್ಮ ಕಡೀನೂ ಹಂಗೇ ಮಾಡ್ಬೇಕು" ಅಂದವರ ಮೊಮ್ಮಗಳ ಕಾಲಿಗೆ ಹೋದ ವರ್ಷ ನಾಯಿ ಕಚ್ಚಿತ್ತು. ಇಂಜೆಕ್ಷನ್‌ಗೆ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಅಲೆದವರು. ಅವರ ಮುಂದೆ ನನ್ನ ಟೀಸಿಯ ಕಥೆ ತೆಗೆಯುವುದು ಸಲ್ಲದು ಅನಿಸಿತು. ಸಂತಾನಹರಣ ಮಾಡಿಸಿ, ರೇಬೀಸ್ ಚುಚ್ಚಿಸಿ ಹಿಡಿದ ಜಾಗಕ್ಕೇ ಬಿಡುವುದು 2023ರ ನಿಯಮ. ಅದನ್ನು ನೆಟ್ಟಗೆ ಮಾಡಿದ್ದರೆ ಆ ಕೂಸಿಗೂ ಕಚ್ಚುತ್ತಿರಲಿಲ್ಲವೇನೋ, ಪ್ಲಾಟ್‌ಫಾರಂನ ಕುನ್ನಿಗಳೂ ಉಣ್ಣಿ ಹತ್ತಿ ಸಾಯುತ್ತಿರಲಿಲ್ಲವೇನೋ. ಇಷ್ಟನ್ನು ಮಾತ್ರ ಹೇಳಿದೆ. ಅವರು ತಲೆಯಾಡಿಸಿದರು. ಒಪ್ಪಿದರೋ, ಮಾತು ಮುಗಿಸಿದರೋ.

23 ಆಗಸ್ಟ್, ಶನಿವಾರ

ಕೋರ್ಟು ನಿನ್ನೆ ತನ್ನ ಆದೇಶ ತಿದ್ದಿದೆ. ಚುಚ್ಚಿಸಿ ವಾಪಸ್ ಬಿಡಬೇಕು, ರೇಬೀಸ್ ಹತ್ತಿದ್ದು, ಮೈಮೇಲೆ ಬರುವುದು ಬಿಟ್ಟು. ಪೇಪರ್ ಓದುತ್ತಿರುವಾಗಲೇ ತಮ್ಮನ ಫೋನ್.

"ಅಕ್ಕಾ, ಎಡಿ ಹೊಡಿಯುವಾಗ ಕುಂಟಿ ನಿನ್ನ ಕಲ್ಲಿಗೆ ಬಡದು ಕುಳ ಮುರದಾದ."

"ಮತ್ತ ಕಲ್ಲು ತೆಗೀತಿಯೇನು?"

"ತೆಗೆಯಾಕ ಯಾರಂದ್ರು? ಅದರ ಸುತ್ತ ಬಿಟ್ಟು ಹೊಡೀತೀನಿ. ಎರಡು ಸಾಲು ತೊಗರಿ ಹೋಗ್ತಾದ, ಅಷ್ಟೇ. ರಾಶಿ ಆದಮ್ಯಾಗ ನಿನಗ ಕಳಸೋ ಬ್ಯಾಳಿಯೊಳಗ ಅಷ್ಟು ಕಡಿಮಿ ಮಾಡ್ತೀನಿ, ಆಮ್ಯಾಲ ಕೇಳಬ್ಯಾಡ."

ಕುಳದ ರೊಕ್ಕ ಎಷ್ಟಾಯಿತು ಕೇಳಿದೆ. ಬಯ್ದು ಫೋನ್ ಇಟ್ಟ.