ಮಾತಿಲ್ಲದ ಸ್ತೋತ್ರ

ಸಾಣಾಪುರಕ್ಕೆ ಜನ ಸಾಮಾನ್ಯವಾಗಿ ದೇವರನ್ನು ಹುಡುಕಿಕೊಂಡು ಬರುವುದಿಲ್ಲ. ದೇವರು ಬೇಕಾದವರು ಸ್ವಲ್ಪ ಹಿಂದೆಯೇ ಬಸ್ಸಿಳಿದು ಪಂಪಾಸರೋವರದ ಕಡೆಗೆ ತಿರುಗುತ್ತಾರೆ, ಇಲ್ಲವೆ ಅಂಜನಾದ್ರಿಯ ಮೆಟ್ಟಿಲುಗಳನ್ನು ಏದುತ್ತಾ ಏರುತ್ತಾರೆ. ಸಾಣಾಪುರದವರೆಗೂ ಬರುವವರು ಕೆರೆಯಲ್ಲಿ ಹರಿಗೋಲು ಹತ್ತುವ ಹುಡುಗ ಹುಡುಗಿಯರು, ಹಗ್ಗವಿಲ್ಲದೆ ಬಂಡೆ ಏರುವ ವಿದೇಶೀಯರು. 2022ರ ಡಿಸೆಂಬರಿನಲ್ಲಿ ಕೈಚೀಲ ಹಿಡಿದು ಅಲ್ಲಿ ಇಳಿದ ಎಪ್ಪತ್ತನಾಲ್ಕು ವಯಸ್ಸಿನ ನಾನು ಈ ಎರಡು ಪಂಗಡಕ್ಕೂ ಸೇರಿದವನಲ್ಲ. ನಿಜ ಹೇಳಬೇಕೆಂದರೆ ನಾನು ಕ್ರಿಸ್‌ಮಸ್ಸಿನಿಂದ ತಪ್ಪಿಸಿಕೊಂಡು ಬಂದಿದ್ದೆ.

ಕ್ರೈಸ್ತನೊಬ್ಬ ಕ್ರಿಸ್‌ಮಸ್ಸಿನಿಂದ ಓಡಿಹೋಗುವುದೆಂದರೆ ಓದುಗರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ನನ್ನ ಮನೆತನದ ಕಥೆಯನ್ನು ಸ್ವಲ್ಪ ಹೇಳಬೇಕು.

ನಾವು ಬೆಟಗೇರಿಯವರು. ಬಾಸೆಲ್ ಮಿಷನ್ನಿನವರು ಗದಗ-ಬೆಟಗೇರಿಗೆ ಬಂದದ್ದು 1841ರಲ್ಲಿ. ನಮ್ಮ ಹಿರಿಯರು ನೇಕಾರರು. ಯಾವಾಗಲೋ ಆ ಸಭೆಗೆ ಸೇರಿದರು, ಮಗ್ಗವನ್ನು ಮಾತ್ರ ಬಿಡಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಬದುಕು ಸುಲಭವಾಗಿರುತ್ತಿತ್ತು. ನಮ್ಮ ದೊಡ್ಡಪ್ಪ ನಡುವಯಸ್ಸಿನಲ್ಲಿ ಶನಿವಾರವೇ ನಿಜವಾದ ಸಬ್ಬತ್ತೆಂದು ನಂಬಿ ಬೇರೆ ಸಭೆಗೆ ಹೋದರು. ಚಿಕ್ಕತ್ತೆ ಅನ್ಯಭಾಷೆಗಳಲ್ಲಿ ಪ್ರಾರ್ಥಿಸುವ ಸಭೆಗೆ ಸೇರಿ, ಕೂಸಾಗಿದ್ದಾಗ ಕೊಟ್ಟ ದೀಕ್ಷಾಸ್ನಾನ ಸ್ನಾನವೇ ಅಲ್ಲವೆಂದು ಮತ್ತೊಮ್ಮೆ ಮುಳುಗಿ ಎದ್ದರು. ಹೀಗಾಗಿ ವಾರದಲ್ಲಿ ಎರಡು ದಿನ ನಮ್ಮ ಮನೆಯಲ್ಲಿ ಯಾರೋ ಒಬ್ಬರು ಕೆಲಸ ಮಾಡುತ್ತಿರಲಿಲ್ಲ. ಉಳಿದ ಐದು ದಿನ ಅದರ ವಿಷಯವಾಗಿ ವಾದ ನಡೆಯುತ್ತಿತ್ತು. ಎಲ್ಲರ ಕೈಯಲ್ಲಿಯೂ ಅದೇ ಸತ್ಯವೇದ, ಎಲ್ಲರ ಬೆರಳೂ ಬೇರೆ ಬೇರೆ ವಚನದ ಮೇಲೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್‌ಬಿಟೇರಿಯನ್ನರು, ಕಾಂಗ್ರಿಗೇಶನಲ್ ಸಭೆಯವರು ಕೂಡಿ ದಕ್ಷಿಣ ಭಾರತದ ಐಕ್ಯಸಭೆಯನ್ನು ಕಟ್ಟಿದರಲ್ಲ, ನಮ್ಮ ಕಡೆಯ ಬಾಸೆಲ್ ಸಭೆಗಳೂ ಆಮೇಲೆ ಅದನ್ನು ಸೇರಿದವು. ಜಗತ್ತಿನವರು ಬೆರಗಾಗಿ ನೋಡಿದ ಕೂಟ ಅದು. ಅಷ್ಟು ಸಭೆಗಳು ಒಂದಾದವು; ನಮ್ಮ ಮನೆಯ ಮೂರು ಕೋಣೆಗಳು ಒಂದಾಗಲಿಲ್ಲ.

ನಾನು ಈ ಗೊಂದಲಕ್ಕೆ ಇನ್ನೊಂದು ಎಳೆ ಸೇರಿಸಿದೆ. 1974ರಲ್ಲಿ ಮುದಗಲ್ಲಿನ ಕಥೋಲಿಕ ಹುಡುಗಿಯನ್ನು ಮದುವೆಯಾದೆ. ಮುದಗಲ್ಲಿನ ಕ್ರೈಸ್ತರು ನಮ್ಮಂತೆ ನಿನ್ನೆ ಮೊನ್ನೆಯವರಲ್ಲ. ಬಿಜಾಪುರದ ಆದಿಲಶಾಹಿಗಳ ಕಾಲದಿಂದ ಆ ಕೋಟೆಯೂರಿನಲ್ಲಿ ಕನ್ನಡದಲ್ಲಿಯೇ ಯೇಸುವನ್ನು ನೆನೆಯುತ್ತಾ ಬಂದವರು. ಅವಳು ತನ್ನ ಪೆಟ್ಟಿಗೆಯಲ್ಲಿ ಜಪಸರವನ್ನೂ ಎಪ್ಪತ್ಮೂರು ಪುಸ್ತಕಗಳ ಬೈಬಲ್ಲನ್ನೂ ತಂದಳು. ನಮ್ಮದರಲ್ಲಿ ಅರವತ್ತಾರೇ. ಹೆಚ್ಚಿನ ಏಳು ಪುಸ್ತಕಗಳನ್ನು ನಮ್ಮ ಅತ್ತೆ ಕೊನೆಯವರೆಗೂ ಮುಟ್ಟಲಿಲ್ಲ.

ಅವಳ ಒಂದು ಅಭ್ಯಾಸ ನನಗೆ ಮೊದಲು ನಗೆ ತರಿಸುತ್ತಿತ್ತು. ಯಾರಾದರೂ ನೀರೋ ಮಜ್ಜಿಗೆಯೋ ಕೊಟ್ಟರೆ ಲೋಟವನ್ನು ಕುಡಿಯುವ ಮೊದಲು ಒಂದು ಕ್ಷಣ ಹಣೆಗೆ ತಾಗಿಸುವಳು. “ಇದು ಯಾವ ಪೋಪರ ಆಜ್ಞೆ?” ಎಂದು ಕೇಳಿದ್ದೆ. “ಪೋಪರದ್ದಲ್ಲ, ನಮ್ಮ ಅಜ್ಜೀದು” ಎಂದಿದ್ದಳು. ನಲವತ್ತೆಂಟು ವರ್ಷ ನೋಡಿದ ಮೇಲೆ ಅದು ನನ್ನ ಕಣ್ಣಿಗೆ ಕಾಣುವುದೇ ನಿಂತುಹೋಗಿತ್ತು.

ನಮ್ಮಿಬ್ಬರ ನಡುವೆ ಜಗಳಗಳು ಇರಲಿಲ್ಲವೆಂದಲ್ಲ. ನಂಬಿಕೆಯಿಂದ ರಕ್ಷಣೆಯೋ, ಕ್ರಿಯೆಗಳಿಂದಲೋ ಎಂದು ಹುರಿಗಡಲೆ ತಿನ್ನುತ್ತಾ ವಾದಿಸಿದ್ದೇವೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಇದೇ ವಿಷಯದ ಮೇಲೆ ಒಪ್ಪಂದದ ಘೋಷಣೆಗೆ ಸಹಿ ಹಾಕಿದರೆಂದು ಓದಿ ಅವಳಿಗೆ ಹೇಳಿದೆ. “ಅಂದರ ನಾ ಗೆದ್ದೆನೋ, ನೀವು ಗೆದ್ದಿರೋ?” ಎಂದಳು. ನನಗೆ ಉತ್ತರ ತಿಳಿಯಲಿಲ್ಲ. ಆದರೆ ಅವಳು ಗಟ್ಟಿಯಾಗಿರುವವರೆಗೂ ಇವೆಲ್ಲ ಮನೆಯ ಮಾತಿನ ಒಗ್ಗರಣೆಯಂತಿದ್ದವು, ಅಷ್ಟೆ.

2022ರ ಜನವರಿಯಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತು ಹೋದವರ ಮಂಚದ ಸುತ್ತ ಉಳಿದವರ ಮಾತು ಎಷ್ಟು ಬೆಳೆಯುತ್ತದೆಂಬುದನ್ನು ಅನುಭವಿಸಿಯೇ ತಿಳಿಯಬೇಕು. ಒಬ್ಬರು ಬಂದು ಗಟ್ಟಿಯಾಗಿ ದೆವ್ವ ಬಿಡಿಸುವಂತೆ ಪ್ರಾರ್ಥಿಸಿದರು. ಇನ್ನೊಬ್ಬರು, ಮುಳುಗುವ ದೀಕ್ಷಾಸ್ನಾನವಾಗದೆ ಸತ್ತರೆ ಅವಳ ಗತಿಯೇನೆಂದು ಅವಳ ತಲೆಯ ಬಳಿಯೇ ನಿಂತು ನನ್ನನ್ನು ಕೇಳಿದರು. ಅವಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವರು ಹೋದ ಮೇಲೆ ನೀರು ಕೊಟ್ಟೆ. ಎಡಗೈಯಿಂದ ಲೋಟ ಹಿಡಿದು, ಅರ್ಧ ಚೆಲ್ಲಿಕೊಂಡು, ಹಣೆಗೆ ತಾಗಿಸಿಯೇ ಕುಡಿದಳು.

ಆಗಸ್ಟಿನ ಒಂದು ರಾತ್ರಿ ಉಸಿರು ಕೆಟ್ಟಿತು. ಅವಳ ತಮ್ಮ ಮುದಗಲ್ಲಿನಿಂದ ಬಂದಿದ್ದ. ತಮ್ಮ ಗುರುಗಳನ್ನು ಕರೆಸಿ ಎಣ್ಣೆ ಹಚ್ಚುವ ಸಂಸ್ಕಾರ ಮಾಡಿಸಬೇಕೆಂದು ಅವನು. ಇಷ್ಟು ವರ್ಷ ನನ್ನ ಜೊತೆ ನಮ್ಮ ದೇವಾಲಯದಲ್ಲಿ ಕುಳಿತವಳಿಗೆ ನಮ್ಮ ಅಯ್ಯನವರು ಸಾಕೆಂದು ನಾನು. ಮೊದಲು ಮೆಲ್ಲಗೆ ಆರಂಭವಾದದ್ದು ಏರಿತು. ಮದುವೆಯ ದಿನದ ಮಾತು ಬಂತು, ಅವಳ ಜಪಸರದ ಬಗ್ಗೆ ನಾನು ಎಂದೋ ಆಡಿದ ಹಗುರ ಮಾತು ಬಂತು. ಪಡಸಾಲೆಯಲ್ಲಿ ಅರ್ಧ ಗಂಟೆ ನಾವಿಬ್ಬರು ಮುದುಕರು ಕರ್ತನ ಹೆಸರು ಹಿಡಿದು ಕೂಗಾಡಿದೆವು. ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವಳು ಏನೂ ಹೇಳಲಿಲ್ಲ.

ಮಣ್ಣು ಮಾಡುವ ಕೆಲಸದಲ್ಲಿ ಎರಡೂ ಕಡೆಯವರು ಔದಾರ್ಯ ತೋರಿದರು. ಆ ವಿಷಯದಲ್ಲಿ ಯಾರನ್ನೂ ದೂರುವಂತಿಲ್ಲ. ಭಾವಮೈದುನ ಮೂರನೆಯ ದಿನ ನನಗೆ ಹೇಳದೆ ಊರಿಗೆ ಹೋದ. ನನಗೆ ಮಾತ್ರ ಪ್ರಾರ್ಥನೆ ನಿಂತುಹೋಯಿತು. ಎಂದಿನ ಮಾತುಗಳು ಬಾಯಿಗೆ ಬಂದ ಕೂಡಲೆ ಪಡಸಾಲೆಯ ನನ್ನ ದನಿಯೇ ಕೇಳಿಸುತ್ತಿತ್ತು. ಡಿಸೆಂಬರ್ ಬಂದು ಓಣಿಯಲ್ಲಿ ಹಾಡಿನ ತಂಡಗಳ ತಯಾರಿ ಆರಂಭವಾದಾಗ, ಹಿಂದೆ ಒಂದೇ ಕಚೇರಿಯಲ್ಲಿ ದುಡಿದ ಗೆಳೆಯರೊಬ್ಬರನ್ನು ಕೇಳಿ, ಸಾಣಾಪುರದಲ್ಲಿದ್ದ ಅವರ ಅಕ್ಕನ ಮನೆಗೆ ಹೊರಟುಬಿಟ್ಟೆ.

ಸಾಣಾಪುರದ ಕೆರೆ ಬಂಡೆಗಳ ಬೊಗಸೆಯಲ್ಲಿ ಹಿಡಿದ ನೀರಿನಂತಿದೆ. ಈ ನೀರು ತುಂಗಭದ್ರೆಯದು. 1953ರಲ್ಲಿ ಮುಗಿದ ಅಣೆಕಟ್ಟಿನ ಎಡದಂಡೆಯ ಕಾಲುವೆಯಿಂದ ಬರುತ್ತದೆ. ಆ ನೀರಿನಿಂದಲೇ ಗಂಗಾವತಿಯ ಸೀಮೆ ಭತ್ತದ ಕಣಜವಾದದ್ದು. ದಂಡೆಯ ಮೇಲೆ ಒಂದರ ಮೇಲೊಂದು ಕುಳಿತ ಗುಂಡುಗಳು. ಈಗ ಬೀಳುತ್ತದೆ ಎನ್ನುವಂತಿದ್ದರೂ ಬೀಳದವು. ಬೆಳಗ್ಗೆ ಹರಿಗೋಲಿನವರು ಬರುವ ಮೊದಲು ಅಂಥ ಒಂದು ಬಂಡೆಯ ಮೇಲೆ ಹೋಗಿ ಕೂಡುತ್ತಿದ್ದೆ. ಹೋರೇಬ್ ಬೆಟ್ಟದಲ್ಲಿ ಎಲೀಯನೆಂಬ ಪ್ರವಾದಿಗೆ ಬಿರುಗಾಳಿ, ಭೂಕಂಪ, ಬೆಂಕಿ ಯಾವುದರಲ್ಲಿಯೂ ದೇವರು ಸಿಗದೆ, ಅವೆಲ್ಲ ಕಳೆದ ಮೇಲಿನ ಮೆಲ್ಲನೆಯ ದನಿಯಲ್ಲಿ ಸಿಕ್ಕನಂತೆ. ನನಗೂ ಹಾಗೇ ಆದೀತೆಂದು ಆಸೆ.

ಆಗಲಿಲ್ಲ. ಮೌನವೆಂದರೆ ಬಾಯಿ ಮುಚ್ಚುವುದೆಂದು ತಿಳಿದಿದ್ದೆ. ಬಾಯಿ ಮುಚ್ಚಿದ ಮೇಲೆಯೇ ವಾದ ಸರಿಯಾಗಿ ಆರಂಭವಾಗುತ್ತದೆಂದು ಗೊತ್ತಿರಲಿಲ್ಲ. ಮೊದಲ ನಾಲ್ಕೈದು ದಿನ ಆ ಬಂಡೆಯ ಮೇಲೆ ಭಾವಮೈದುನನಿಗೆ ಹೇಳದೆ ಉಳಿದ ಉತ್ತರಗಳನ್ನೆಲ್ಲ ಹೇಳಿದೆ. ಎಲ್ಲದರಲ್ಲಿಯೂ ನಾನೇ ಗೆದ್ದೆ. ಗೆದ್ದು ಎದ್ದಾಗ ಎದೆ ಮೊದಲಿಗಿಂತ ಭಾರವಾಗಿರುತ್ತಿತ್ತು.

ಬರುವ ದಾರಿಯಲ್ಲಿ ಕೊಪ್ಪಳದಲ್ಲಿಳಿದು ಗವಿಮಠದ ಬೆಟ್ಟದ ಅಶೋಕನ ಶಾಸನವನ್ನು ನೋಡಿದ್ದೆ. ನನಗೆ ಅದನ್ನು ಓದಲು ಬಾರದು. ಆದರೆ ಅದೇ ಅರಸನ ಇನ್ನೊಂದು ಶಾಸನ ನೆನಪಿಗೆ ಬಂತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಗುಡಿಯೊಂದರ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಸಿಕ್ಕ ಹನ್ನೆರಡನೆಯ ಶಾಸನ. ತನ್ನ ಮತವನ್ನು ಹೊಗಳುವಾಗಲೂ ಪರರ ಮತವನ್ನು ತೆಗಳುವಾಗಲೂ ನಾಲಗೆಗೆ ಹಿಡಿತವಿರಲಿ ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈ ಬುದ್ಧಿಮಾತನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಗಿ ಬಂದಿದ್ದರೆ, ಆ ಕಾಲದ ಪಡಸಾಲೆಗಳೂ ನಮ್ಮವುಗಳಂತೆಯೇ ಇದ್ದಿರಬೇಕು. ಇದರಿಂದ ಸ್ವಲ್ಪ ಸಮಾಧಾನವಾಯಿತು, ಹೆಚ್ಚಲ್ಲ.

ನಾನಿದ್ದ ಮನೆಯ ಅಕ್ಕನಿಗೆ ಎಂಬತ್ತು ದಾಟಿದೆ. ನಸುಕಿನಲ್ಲಿ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕೂಡುತ್ತಿದ್ದರು. ಅದು ಮುಗಿಯುವವರೆಗೆ ಮಾತಿಲ್ಲ. ಮುಗಿದ ಮೇಲೆ ಹಾಲಿನವನ ಮೇಲೆ ಮೊದಲ ಮಾತು, ಅದೂ ಮೃದುವಾದುದಲ್ಲ. ಆರನೆಯ ದಿನ ಕೇಳಿದರು: “ಯಾಕ್ರೀ, ನಿಮ್ಮ ದೊಡ್ಡ ಹಬ್ಬ ಬಿಟ್ಟು ಇಲ್ಲಿ ಬಂದು ಕಲ್ಲಿನ ಮ್ಯಾಲೆ ಕುಂತೀರಲ್ಲ?”

“ಸುಮ್ಮನ ಕುಂತು ದೇವರನ್ನ ನೆನೀಬೇಕಂತ ಮಾಡೀನ್ರೀ ಅಕ್ಕಾರ. ಆಗವಲ್ದು.”

“ಸುಮ್ಮನ ಕುಂತ್ರ ಮನಸು ಸುಮ್ಮನಿರತೈತೇನ್ರೀ? ಅದಕ್ಕ ಕೈಯಾಗ ಏನರ ಹಿಡಕೊಂಡಿರಬೇಕು” ಎಂದು ಒಳಗೆ ಹೋದರು.

ಆ ವರ್ಷ ಎಳ್ಳಮಾವಾಸ್ಯೆ ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು ಬಂದಿತ್ತು. ಅಕ್ಕನ ಮನೆಯವರಿಗೆ ಭತ್ತದ ಗದ್ದೆಯಲ್ಲದೆ ಗುಡ್ಡದ ಆಚೆ ಸ್ವಲ್ಪ ಜೋಳದ ಹೊಲವೂ ಇತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ, ಪುಂಡಿಪಲ್ಯ ಬುಟ್ಟಿ ತುಂಬಿಕೊಂಡು ಎಲ್ಲರೂ ಅಲ್ಲಿಗೆ ಹೊರಟರು, ನನ್ನನ್ನೂ ಬಿಡಲಿಲ್ಲ. ಹೊಲದಲ್ಲಿ ಪೂಜೆ ಮಾಡಿ, ಎಲ್ಲ ಅಡಿಗೆಯನ್ನೂ ಕಲಸಿ, ಕೂಗುತ್ತಾ ಹೊಲದ ಸುತ್ತ ಚರಗ ಚೆಲ್ಲಿದರು. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನಗೆ ನಮ್ಮ ಬೆಟಗೇರಿಯ ಸುಗ್ಗಿ ಹಬ್ಬದ ನೆನಪಾಯಿತು. ದೇವಾಲಯಕ್ಕೆ ಕುಂಬಳಕಾಯಿ, ಜೋಳದ ತೆನೆ, ಕೋಳಿ ತಂದು ಅರ್ಪಿಸಿ ಆಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಿದ್ದರು. ಒಂದು ವರ್ಷ ಅಪ್ಪ ಹಠಕ್ಕೆ ಬಿದ್ದು, ನಾವೇ ಕೊಟ್ಟ ಕುಂಬಳಕಾಯಿಯನ್ನು ಪೇಟೆಯ ನಾಲ್ಕು ಪಟ್ಟು ಬೆಲೆಗೆ ಕೂಗಿ ಮನೆಗೆ ತಂದಿದ್ದರು. ಅವ್ವ ಅದನ್ನು ಒಂದು ವಾರ ಬಡಿಸಿದಳು.

ಅಕ್ಕನನ್ನು ಕೇಳಿದೆ: “ಹೋದ ವರ್ಷ ಬೆಳಿ ಹೆಂಗಿತ್ರೀ?”

“ಏನೂ ಕೈಗೆ ಹತ್ತಲಿಲ್ರೀ. ಅಕಾಲದ ಮಳಿ ಬಂದು ಎಲ್ಲಾ ಮಕ್ಕೊಂಡುಬಿಡ್ತು.”

“ಆವಾಗೂ ಚರಗ ಚೆಲ್ಲಿದ್ರ್ಯಾ?”

ಅವರು ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದರು. “ಬೆಳಿ ಕೊಟ್ಟಳಂತ ಉಣಸೂದೇನ್ರೀ? ತಾಯಿ ಉಣ್ಣದ ನಾವು ಹೆಂಗ ಉಣ್ಣೂದು?” ಎಂದು ನನ್ನ ಕೈಗೂ ಒಂದು ಹಿಡಿ ಹಾಕಿದರು. ನಮ್ಮ ಮನೆಯ ಮೂರು ಕೋಣೆಯವರೂ ಇದನ್ನೊಪ್ಪುತ್ತಿರಲಿಲ್ಲ. ಆ ಒಂದು ವಿಷಯದಲ್ಲಾದರೂ ಅವರಲ್ಲಿ ಐಕ್ಯವಿರುತ್ತಿತ್ತು. ನಾನು ಚೆಲ್ಲಿದೆ. ಯಾವ ಸಭೆಯವರು ಬೇಕಾದರೂ ವಿಚಾರಣೆ ನಡೆಸಲಿ.

ಮರುದಿನ ಬಂಡೆಯ ಮೇಲೆ ಕುಳಿತಾಗ ಒಂದು ಶಬ್ದ ತಲೆಯಲ್ಲಿ ತಿರುಗತೊಡಗಿತು. ಕ್ರೈಸ್ತ ಸಭೆಗಳು ಅತಿ ಹೆಚ್ಚು ಕಾದಾಡಿದ್ದು ರೊಟ್ಟಿ ಮತ್ತು ದ್ರಾಕ್ಷಾರಸದ ಆ ಒಂದು ಸಂಸ್ಕಾರದ ಸುತ್ತ. ಅದು ನಿಜವಾಗಿ ಕ್ರಿಸ್ತನ ಶರೀರವೋ, ಬರಿಯ ನೆನಪೋ. ಯಾರು ಕೊಡಬೇಕು, ಯಾರಿಗೆ ಕೊಡಬಾರದು. ನಾವು ಅದನ್ನು ಕರ್ತನ ಭೋಜನವೆನ್ನುತ್ತೇವೆ, ಅವಳ ಕಡೆಯವರು ಪರಮಪ್ರಸಾದವೆನ್ನುತ್ತಾರೆ. ನಲವತ್ತೆಂಟು ವರ್ಷದಲ್ಲಿ ನಾವಿಬ್ಬರೂ ಜೊತೆಯಾಗಿ ಅದನ್ನು ಒಮ್ಮೆಯೂ ತೆಗೆದುಕೊಳ್ಳಲಾಗಲಿಲ್ಲ. ಗ್ರೀಕಿನಲ್ಲಿ ಅದರ ಹಳೆಯ ಹೆಸರು ಯೂಖರಿಸ್ತಿಯ. ಹಾಗೆಂದರೆ ಕೃತಜ್ಞತೆ, ನಮ್ಮ ಸಭೆಯ ಮಾತಿನಲ್ಲಿ ಹೇಳುವುದಾದರೆ ಸ್ತೋತ್ರ. ಹಿಡಿಯಲ್ಪಡುವ ರಾತ್ರಿ ಯೇಸು ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಮೊದಲು ಮಾಡಿದ್ದು ಅದನ್ನೇ. ಇದನ್ನು ನಾನು ಹುಡುಗನಾಗಿದ್ದಾಗಲೇ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ನಾನೂ ಅವಳ ತಮ್ಮನೂ ಅದನ್ನು ಕೊಡುವ ಹಕ್ಕು ಯಾರದೆಂದು ಪಡಸಾಲೆಯಲ್ಲಿ ಕೂಗಾಡುತ್ತಿದ್ದೆವು. ಒಳಗೆ ಮಂಚದ ಮೇಲೆ ಮಾತಿಲ್ಲದವಳು ಏಳು ತಿಂಗಳಿಂದ ದಿನಕ್ಕೆ ಹತ್ತು ಸಲ ಅದನ್ನೇ ಮಾಡುತ್ತಿದ್ದಳು, ನೀರಿನ ಲೋಟದಿಂದ.

ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ. ಬೆಳಕೇನೂ ಕಾಣಲಿಲ್ಲ, ದನಿಯೂ ಕೇಳಲಿಲ್ಲ. ಕೈಯಲ್ಲಿ ಏನಾದರೂ ಹಿಡಿದುಕೊಂಡಿರಬೇಕೆಂದು ಅಕ್ಕ ಹೇಳಿದ್ದರಲ್ಲ, ಒಂದೊಂದೇ ಹಿಡಿದು ನೋಡಿದೆ. ಅವಳ ಕೈಯ ಝುಣಕ. ಎಪ್ಪತ್ಮೂರು ಪುಸ್ತಕಗಳ ಬೈಬಲ್ಲಿನಲ್ಲಿ ಅವಳು ಒಣಗಿಸಿಟ್ಟ ಬೇವಿನ ಎಸಳು. ಸಂಬಳ ತಡವಾದ ತಿಂಗಳು ನನಗೆ ಬೈದದ್ದು. ಪ್ರತಿಯೊಂದಕ್ಕೂ ಮಾತಿಲ್ಲದೆ ತಲೆಬಾಗಿದೆ. ವಾದ ಅಲ್ಲಲ್ಲಿ ತಡವರಿಸಿ, ನಡುನಡುವೆ ಸ್ವಲ್ಪ ಹೊತ್ತು ನಿಲ್ಲತೊಡಗಿತು. ಆ ಬಿಡುವುಗಳಲ್ಲಿ ಯಾರೋ ಇದ್ದರೆಂದಷ್ಟೇ ಹೇಳಬಲ್ಲೆ. ಆಗಸ್ಟಿನ ಆ ರಾತ್ರಿಯನ್ನು ಮಾತ್ರ ಹಿಡಿಯಲಾಗಲಿಲ್ಲ. ಅದಕ್ಕೆ ಸ್ತೋತ್ರ ಹೇಳುವುದು ನನ್ನಿಂದ ಇಂದಿಗೂ ಆಗಿಲ್ಲ. ಆಗಬೇಕೆಂದು ಹೇಳುವ ಬೋಧಕರನ್ನು ನಾನು ನಂಬುವುದೂ ಇಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಭಾವಮೈದುನನಿಗೆ ಫೋನು ಮಾಡಿದೆ. ಎತ್ತಿದ; ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊನೆಗೆ “ಎಲ್ಲಿದ್ದೀರಿ ಮಾಮಾ?” ಎಂದ. ಹೇಳಿದೆ.

ಹಬ್ಬದ ಮರುದಿನ ಮಧ್ಯಾಹ್ನ, ಮುದಗಲ್ಲಿನಿಂದ ಗಂಗಾವತಿಗೆ ಬಂದು ಬಸ್ಸು ಬದಲಿಸಿ, ಕರ್ಜಿಕಾಯಿಯ ಡಬ್ಬಿ ಹಿಡಿದು ಸಾಣಾಪುರದಲ್ಲಿಳಿದ. ತೆಳ್ಳಗಾಗಿದ್ದ. ಕ್ಷಮೆ ಕೇಳಬೇಕೆಂದು ನಾನು ಬೆಳಗಿನಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಕಟ್ಟೆಯ ಮೇಲೆ ಕುಳಿತೆವು. ಅಕ್ಕ ಎರಡು ಲೋಟ ಮಜ್ಜಿಗೆ ತಂದು ಕೊಟ್ಟರು. ಅವನು ಬಿಸಿಲಿನಲ್ಲಿ ಬಂದವನು, ಗಂಟಲು ಒಣಗಿತ್ತು. ಆದರೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದು ಕ್ಷಣ ಹಣೆಗೆ ತಾಗಿಸಿ, ಆಮೇಲೆ ಕುಡಿದ.

ನಾನು ಜೋಡಿಸಿಟ್ಟ ಮಾತು ಹಾಗೇ ಉಳಿಯಿತು. ನನ್ನ ಲೋಟವನ್ನೂ ಎತ್ತಿದೆ.