ಬೀಗ ಹಾಕಿದ ಮನೆ ಕುಡಿದ ನೀರು

ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರ ಕೈಗೆ ಮೊದಲ ದಿನ ಒಂದು ಬೀಗದ ಕೈ ಗೊಂಚಲು ಬರುತ್ತದೆ. ಮುಂಬಾಗಿಲಿಗೊಂದು, ಕೋಣೆಗಳಿಗೆ ಎರಡು, ಅಂಚೆಪೆಟ್ಟಿಗೆಗೆ ಒಂದು. ಆದರೆ ಅವರು ದುಡ್ಡು ಕೊಟ್ಟು ಕೊಂಡಿರುವ ಇನ್ನೂ ಎಷ್ಟೋ ವಸ್ತುಗಳ ಕೀಲಿ ಆ ಗೊಂಚಲಿನಲ್ಲಿ ಇರುವುದಿಲ್ಲ. ನೆಲದಡಿಯ ಸಂಪು, ಅದರ ಪಕ್ಕದ ಪಂಪು, ಲಿಫ್ಟು, ಮೆಟ್ಟಿಲು, ತಾರಸಿ, ಕೊನೆಗೆ ಕಟ್ಟಡ ನಿಂತ ನೆಲ ಎಲ್ಲದರಲ್ಲೂ ಅವರಿಗೆ ಪಾಲು ಉಂಟು. ಕ್ರಯಪತ್ರದಲ್ಲಿ ಇದರ ಹೆಸರು 'ಅವಿಭಾಜ್ಯ ಪಾಲು'. ಶಾಲೆಯ ಗಣಿತದಲ್ಲಿ ಅವಿಭಾಜ್ಯ ಎಂದರೆ ಭಾಗವಾಗದ್ದು. ಕ್ರಯಪತ್ರದಲ್ಲಿ ಮಾತ್ರ ಭಾಗವಾಗದ್ದಕ್ಕೂ ಪಾಲುದಾರರಿರುತ್ತಾರೆ. ಎಲ್ಲ ಜಗಳಗಳ ಬೇರು ಇರುವುದು ಇಲ್ಲೇ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಈ ಪಾಲಿನ ವಿಷಯದಲ್ಲಿ ಸ್ಪಷ್ಟವಾಗಿದೆ. ಅದಕ್ಕೆ ಒಳಪಟ್ಟ ಕಟ್ಟಡಗಳಲ್ಲಿ ಸಾಮಾನ್ಯ ಭಾಗಗಳನ್ನು ಹರಿದು ಹಂಚಿಕೊಳ್ಳುವಂತಿಲ್ಲ. 'ನಾನು ಅದನ್ನು ಬಳಸುವುದಿಲ್ಲ' ಎಂದು ಹೇಳಿ ಖರ್ಚಿನ ಪಾಲಿನಿಂದ ಜಾರಿಕೊಳ್ಳುವಂತೆಯೂ ಇಲ್ಲ. ಮನೆಗೆ ಬೀಗ ಜಡಿದು ದೇಶಾಂತರ ಹೋದರೂ ಪಾಲು ಕೊಡಲೇಬೇಕು. ಆದರೂ ನೆಲ ಅಂತಸ್ತಿನವರೊಬ್ಬರು ಪ್ರತಿ ಸಭೆಯಲ್ಲೂ ಎದ್ದು ನಿಂತು, ಲಿಫ್ಟ್ ಹತ್ತದವರು ಲಿಫ್ಟಿನ ದುಡ್ಡು ಏಕೆ ಕೊಡಬೇಕೆಂದು ಕೇಳುವುದು ತಪ್ಪುವುದಿಲ್ಲ.

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ ಇಂಥ ನಲವತ್ತೆಂಟು ಮನೆಗಳ ಕಟ್ಟಡವೊಂದಿದೆ. ಅದರ ಮಾಲೀಕರ ಸಂಘಕ್ಕೆ ಕಾರ್ಯದರ್ಶಿಯಾಗಿರುವವರು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದ ಹಿರಿಯರು. ಅವರನ್ನು ಯಾರೂ ಚುನಾಯಿಸಲಿಲ್ಲ. ಮಹಾಸಭೆಯಲ್ಲಿ 'ಯಾರು ಆಗುತ್ತೀರಿ?' ಎಂದು ಕೇಳಿದಾಗ ಉಳಿದವರೆಲ್ಲ ನೆಲ ನೋಡುತ್ತಿದ್ದರು, ಇವರು ತಲೆಯೆತ್ತಿ ನೋಡಿದರು ಅಷ್ಟೆ. ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆ. ಸಂಘದ ಕೆಲಸ ಯಾರ ಕೆಲಸವೆಂದು ಎಲ್ಲೂ ಬರೆದಿಲ್ಲ. ಹಾಗಾಗಿ ಬೀದಿನಾಯಿಯಿಂದ ಹಿಡಿದು ಕಾರು ನಿಲ್ಲಿಸುವ ಗೆರೆಯವರೆಗೆ ಎಲ್ಲ ದೂರೂ ರಾತ್ರಿ ಹತ್ತಕ್ಕೆ ಅವರ ಮನೆಯ ಗಂಟೆ ಬಾರಿಸುತ್ತದೆ.

ದೂರುಗಳಲ್ಲಿ ದೊಡ್ಡದು ನೀರಿನದು. ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ನದಿ ಕೆಳಗಿದೆ, ಊರು ಮೇಲಿದೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮತ್ತೆ ಮತ್ತೆ ಎತ್ತಿ, ಸುಮಾರು ನೂರು ಕಿಲೋಮೀಟರ್ ದೂರ ತಳ್ಳಿ, ಒಟ್ಟು ಸುಮಾರು ಐನೂರು ಮೀಟರ್ ಮೇಲೇರಿಸಬೇಕು. ಪಂಪಿನಲ್ಲಿ ಯಾವ ನಷ್ಟವೂ ಆಗುವುದಿಲ್ಲವೆಂದು ಇಟ್ಟುಕೊಂಡರೂ, ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಒಂದೂಕಾಲು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ನಲ್ಲಿ ತಿರುಗಿಸಿದವರಿಗೆ ಈ ಲೆಕ್ಕ ಕಾಣಿಸುವುದಿಲ್ಲ.

2023ರ ಮುಂಗಾರು ಕೈಕೊಟ್ಟು, 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ಲೆಕ್ಕ ಎಲ್ಲರಿಗೂ ಕಾಣಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆ ತಿಂಗಳು ಆದೇಶ ಹೊರಡಿಸಿತು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಒಪ್ಪಿತವಾದ ಅಳತೆ. ಮನೆಗೆ ನಾಲ್ವರಂತೆ ನಲವತ್ತೆಂಟು ಮನೆಗಳಿಗೆ ಗುಣಿಸಿದರೆ ದಿನಕ್ಕೆ ಸುಮಾರು 26,000 ಲೀಟರ್. ಮಂಡಳಿಯ ನೀರು ಸಾಲದೆ ಟ್ಯಾಂಕರ್‌ಗಳು ಬಂದವು. ಕಟ್ಟಡಕ್ಕೆ ಇದ್ದದ್ದು ಗೇಟಿನ ಬಳಿಯ ಒಂದೇ ಮೀಟರು. ಬಂದ ಖರ್ಚನ್ನು ನಲವತ್ತೆಂಟರಿಂದ ಭಾಗಿಸುವುದು ಮೊದಲಿನಿಂದ ನಡೆದುಬಂದ ಪದ್ಧತಿ.

ಖರ್ಚು ಏರಿದಂತೆ 'ಯಾರು ಹೆಚ್ಚು ಬಳಸುತ್ತಿದ್ದಾರೆ?' ಎಂಬ ಪಿಸುಮಾತು ಮೆಟ್ಟಿಲು ಹತ್ತಿ ಇಳಿಯತೊಡಗಿತು. ಅದು ಹೋಗಿ ನಿಂತದ್ದು ಮೂರನೆಯ ಮಹಡಿಯ ಬಾಡಿಗೆ ಮನೆಯೊಂದರ ಮುಂದೆ. ಆ ಮನೆಯಲ್ಲಿ ಆರು ಜನ. ಹಾಸಿಗೆ ಹಿಡಿದ ಅಜ್ಜಿ, ನಾಲ್ಕು ತಿಂಗಳ ಕೂಸು. ಬಾಲ್ಕನಿಯ ತಂತಿಯ ಮೇಲೆ ಸದಾ ಬಟ್ಟೆ. ಬೇರೆ ಸಾಕ್ಷ್ಯವೇ ಬೇಕಿರಲಿಲ್ಲ. ಅವರು ಬಾಡಿಗೆದಾರರಾದ್ದರಿಂದ ಸಂಘದಲ್ಲಿ ಮತವಿಲ್ಲ, ಸಭೆಗೆ ಕರೆಯೂ ಇಲ್ಲ, ಎದ್ದು ನಿಂತು ಉತ್ತರ ಹೇಳಲು ಜಾಗವೂ ಇಲ್ಲ. 'ಬಾಡಿಗೆದಾರರು ನೀರನ್ನು ಮಿತವಾಗಿ ಬಳಸತಕ್ಕದ್ದು' ಎಂಬ ಸಮಿತಿಯ ಚೀಟಿ ಲಿಫ್ಟಿನೊಳಗೆ ಅಂಟಿತು. ಮಾರನೆಯ ದಿನದಿಂದ ಆ ಮನೆಯ ಸೊಸೆ ಕೂಸಿನ ಬಟ್ಟೆಗಳನ್ನು ರಾತ್ರಿ ಒಗೆದು, ಒಳಗೆ ಫ್ಯಾನಿನ ಕೆಳಗೆ ಒಣಗಿಸತೊಡಗಿದಳು. ಬಾಲ್ಕನಿಯ ತಂತಿ ಖಾಲಿಯಾಯಿತು. ನೀರಿನ ಖರ್ಚು ಮಾತ್ರ ಇಳಿಯಲಿಲ್ಲ.

ಇಳಿಯದ ಲೆಕ್ಕ ಕಾರ್ಯದರ್ಶಿಯವರ ನಿದ್ದೆ ಕೆಡಿಸಿತು. ಅವರು ಹುಟ್ಟಿದ್ದು ಕೋಲಾರ ಜಿಲ್ಲೆಯ ಒಂದು ಕೆರೆಯ ಊರಿನಲ್ಲಿ. ಅಂಥ ಊರುಗಳಲ್ಲಿ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು. ಈ ಕೆಲಸ ಬಹಳ ಕಡೆ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು. ಕೆಲಸಕ್ಕಿದ್ದ ಬೆಲೆ ಕೆಲಸಗಾರನಿಗೆ ಇರಲಿಲ್ಲ ಎಂಬುದೂ ನಿಜ. ಆದರೆ ಕೆಳಗಿನ ಗದ್ದೆಗೆ ನೀರು ಮುಟ್ಟಲಿಲ್ಲವೆಂದರೆ ಅವನು ಕಟ್ಟೆಯ ಮೇಲೆ ಕುಳಿತು ಇಂಥವನೇ ಕದ್ದನೆಂದು ಹೇಳುತ್ತಿರಲಿಲ್ಲ. ಗುದ್ದಲಿ ಹೆಗಲಿಗೇರಿಸಿ ಕಾಲುವೆಯ ಉದ್ದಕ್ಕೂ ನಡೆಯುತ್ತಿದ್ದ. ಎಲ್ಲಿ ಏಡಿ ಬಿಲ ತೋಡಿದೆ, ಎಲ್ಲಿ ಬದು ಒಡೆದಿದೆ ಎಂದು ಕಣ್ಣಿನಿಂದ ನೋಡುತ್ತಿದ್ದ. ಈ ಕಟ್ಟಡದಲ್ಲಿ ಕಾಲುವೆಗಳೆಲ್ಲ ಗೋಡೆಯೊಳಗೆ ಹೂತಿವೆ. ನಡೆದು ನೋಡಲು ಇರುವ ಒಂದೇ ದಾರಿ ಮೀಟರು.

ಮನೆಮನೆಗೆ ಮೀಟರ್ ಹಾಕಿಸಬೇಕೆಂಬ ಸಲಹೆ ಸಭೆಗೆ ಬಂತು. ವಿದ್ಯುತ್ ಮೀಟರಿನಷ್ಟು ಇದು ಸುಲಭವಲ್ಲ. ವಿದ್ಯುತ್ತು ಮನೆಗೆ ಒಂದೇ ಕಡೆಯಿಂದ ಬರುತ್ತದೆ. ನೀರಾದರೋ ತಾರಸಿಯ ಟ್ಯಾಂಕಿನಿಂದ ಎರಡು ಬಚ್ಚಲುಮನೆಗೆ ಎರಡು ಕೊಳವೆ, ಅಡುಗೆಮನೆಗೆ ಒಂದು ಕೊಳವೆ ಎಂದು ಬೇರೆ ಬೇರೆಯಾಗಿ ಇಳಿಯುತ್ತದೆ. ಮನೆಗೆ ಮೂರರಂತೆ 144 ಮೀಟರುಗಳು! ಖರ್ಚು ಕೇಳಿ ಸಭೆ ಬೆಚ್ಚಿತು. ಇಬ್ಬರೇ ಇರುವ ಮನೆಯವರು ಬೇಕೇಬೇಕೆಂದರು. ದೊಡ್ಡ ಸಂಸಾರದವರು ಇದು ತಮ್ಮ ಮೇಲಿನ ಹಗೆ ಎಂದರು. 'ಕುಡಿಯುವ ನೀರಿಗೂ ತಕ್ಕಡಿಯೇ?' ಎಂದು ಒಬ್ಬರು ಧರ್ಮ ತೆಗೆದರು. 'ತಕ್ಕಡಿ ಇಲ್ಲದಿದ್ದಾಗ ಬಾಯಿಗೆ ಬಂದದ್ದೇ ತೂಕವಾಗುತ್ತದೆ ಸಾರ್' ಎಂದು ಕಾರ್ಯದರ್ಶಿ ಮೆಲ್ಲಗೆ ಹೇಳಿದರು. ಮೂರು ಸಭೆ ನಡೆದು, ನಾಲ್ಕಾರು ಮನೆಗಳ ನಡುವೆ ಮಾತು ನಿಂತುಹೋಗಿ, ಕೊನೆಗೆ ನಿರ್ಣಯ ಪಾಸಾಯಿತು.

ಮೀಟರುಗಳು ಬಂದ ವಾರದಲ್ಲೇ ನಾಲ್ಕನೆಯ ಮಹಡಿಯ ಒಂದು ಮುಳ್ಳು ಎಲ್ಲರನ್ನೂ ಬೆರಗುಗೊಳಿಸಿತು. ಆ ಮನೆಗೆ ಬೀಗ ಬಿದ್ದು ಒಂದು ವರ್ಷದ ಮೇಲಾಗಿತ್ತು. ಮಾಲೀಕರು ಸಿಂಗಪುರದಲ್ಲಿ. ತಿಂಗಳ ಹಣ ತಪ್ಪದೆ ಕಟ್ಟುವ, ಯಾರೂ ಬೆರಳು ತೋರಿಸದ ಮನೆ ಅದು. ಆದರೆ ಮುಳ್ಳು ಹಗಲೂ ರಾತ್ರಿಯೂ ನಿಧಾನವಾಗಿ ತಿರುಗುತ್ತಿತ್ತು. ಮಾಲೀಕರಿಗೆ ಫೋನ್ ಮಾಡಿ, ಅವರ ನೆಂಟರಿಂದ ಕೀಲಿ ತರಿಸಿ ಬಾಗಿಲು ತೆಗೆದರೆ ಒಳಗೆ ನೀರು ಸೋರುವ ಸದ್ದೂ ಇಲ್ಲ, ನೆಲದಲ್ಲಿ ತೇವವೂ ಇಲ್ಲ. ಕಾರ್ಯದರ್ಶಿ ಕಕ್ಕಸಿನ ಫ್ಲಷ್ ಟ್ಯಾಂಕಿನೊಳಗೆ ನಾಲ್ಕು ಹನಿ ನೀಲಿ ಇಂಕು ಹಾಕಿ, ಗುಂಡಿ ಒತ್ತದೆ ಕಾದರು. ಕೆಲವೇ ನಿಮಿಷದಲ್ಲಿ ಕೆಳಗಿನ ಬೇಸಿನ್ನಿನಲ್ಲಿ ನೀಲಿ ಗೆರೆ ಇಳಿಯಿತು. ಟ್ಯಾಂಕಿನ ತಳದ ರಬ್ಬರ್ ಸವೆದು ಬಿರಿದಿತ್ತು.

ಮೀಟರಿನ ಪ್ರಕಾರ ಸೋರಿಕೆ ನಿಮಿಷಕ್ಕೆ ಕಾಲು ಲೀಟರ್. ಒಂದು ಲೋಟ ನೀರು, ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದಷ್ಟು. ಆದರೆ ಗಂಟೆಗೆ ಅದು 15 ಲೀಟರ್, ದಿನಕ್ಕೆ 360 ಲೀಟರ್. ತಲೆಗೆ 135 ಲೀಟರಿನ ಅಳತೆಯಲ್ಲಿ, ಯಾರೂ ಇಲ್ಲದ ಮನೆ ದಿನವೂ ಎರಡೂವರೆ ಜನರಿಗಿಂತ ಹೆಚ್ಚು ಜನರ ನೀರು ಕುಡಿಯುತ್ತಿತ್ತು. ಇನ್ನಷ್ಟು ಹುಡುಕಿದಾಗ ವಾಸವಿರುವ ಐದು ಮನೆಗಳಲ್ಲೂ ಇದೇ ರೋಗ ಕಂಡಿತು. ಅವುಗಳಲ್ಲಿ ಒಂದು, ಲಿಫ್ಟಿನ ಚೀಟಿಗೆ ಸಹಿ ಹಾಕಿದ ಸಮಿತಿ ಸದಸ್ಯರದು. ಮೂರನೆಯ ಮಹಡಿಯ ಆರು ಜನರ ಮನೆಯದು ದಿನಕ್ಕೆ 700 ಲೀಟರಿನ ಆಸುಪಾಸು. ಅಳತೆಯ ಪ್ರಕಾರ ಅವರಿಗೆ ಸಲ್ಲಬೇಕಾದದ್ದು 810.

ಕಾರ್ಯದರ್ಶಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಆ ಮನೆಗೆ ಹೋದರು. ಅಜ್ಜಿಯ ಯೋಗಕ್ಷೇಮ ವಿಚಾರಿಸಿ, ಪುಟ ತೆರೆದು ತೋರಿಸಿದರು. ಸೊಸೆ ಬಹಳ ಹೊತ್ತು ಅಂಕಿಗಳನ್ನೇ ನೋಡಿದಳು. 'ನಾವೇ ಹೆಚ್ಚು ಖರ್ಚು ಮಾಡ್ತಿದೀವಿ ಅಂತ ನನಗೂ ಅನ್ನಿಸಿಬಿಟ್ಟಿತ್ತು ಸಾರ್' ಎಂದಳು.

ಸುಳ್ಳು ಆಪಾದನೆಯ ಕೆಟ್ಟ ಗುಣ ಇದೇ. ಹತ್ತು ಜನ ಹೇಳಿದರೆ ಹನ್ನೊಂದನೆಯವರಾಗಿ ಆಪಾದಿತರೇ ಅದನ್ನು ನಂಬುತ್ತಾರೆ. ಕೂಡಿ ಬಾಳುವ ಜಾಗದಲ್ಲಿ ಸಾಮಾನ್ಯ ಆಸ್ತಿ ಸೋರಿದರೆ ಊಹೆ ಇಳಿಜಾರು ಹುಡುಕಿ ಹರಿಯುತ್ತದೆ. ಬಾಡಿಗೆದಾರ, ಕೆಲಸದವಳು, ಕಾವಲುಗಾರ ಹೀಗೆ ಮಾತಾಡಲು ಜಾಗವಿಲ್ಲದವರ ಬಾಗಿಲಲ್ಲೇ ಅದು ನಿಲ್ಲುವುದು. ಅಳತೆಗೆ ಮಹಡಿಯ ಭೇದವಿಲ್ಲ, ಮಾಲೀಕ-ಬಾಡಿಗೆಯ ಭೇದವೂ ಇಲ್ಲ.

ಯಾವ ಮನೆ ಎಷ್ಟು ಬಳಸಿತೆಂಬ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕೆಂದು ಕೆಲವರು ಒತ್ತಾಯಿಸಿದರು. ಕಾರ್ಯದರ್ಶಿ ಒಪ್ಪಲಿಲ್ಲ. ಒಂದು ಚೀಟಿ ಮಾಡಿದ್ದು ಸಾಕು ಎಂಬುದು ಅವರ ವಾದ. ಅವರವರ ಲೆಕ್ಕ ಅವರವರ ಮನೆಗೆ ಹೋಗುತ್ತದೆ. ಆ ವರ್ಷದ ಮಹಾಸಭೆಯಲ್ಲಿ ಎರಡು ನಿರ್ಣಯಗಳಾದವು. ಬೀಗ ಹಾಕಿ ಹೋಗುವವರು ಒಳಬರುವ ನೀರಿನ ವಾಲ್ವ್ ಮುಚ್ಚಿಸಿಯೇ ಹೋಗಬೇಕು ಎಂಬುದು ಮೊದಲನೆಯದು. ಎರಡನೆಯದಕ್ಕೆ ಸ್ವಲ್ಪ ಗದ್ದಲವಾಯಿತು: ಮತ ಮಾಲೀಕರದೇ ಆದರೂ ಬಾಡಿಗೆದಾರರು ಸಭೆಗೆ ಬಂದು ಕೂರಬಹುದು, ಮಾತಾಡಬಹುದು.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ನೀರಿಗೆ ಚಾಲನೆ ಸಿಕ್ಕಿತು. ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಯೋಜನೆ ಅದು. ನಾಲ್ಕನೆಯ ಮಹಡಿಯ ಮನೆಗೆ ಈಗಲೂ ಬೀಗವೇ, ಆದರೆ ಮುಳ್ಳು ನಿಂತಿದೆ. ಸವೆದ ರಬ್ಬರ್ ಬದಲಿಸಲು ಆದ ಖರ್ಚು ಎರಡು ಊಟದ ಬೆಲೆಯಷ್ಟೂ ಇರಲಿಲ್ಲ. ಲಿಫ್ಟಿನ ಚೀಟಿಯನ್ನು ಯಾರು ಕಿತ್ತರೋ ತಿಳಿಯದು, ಅಂಟಿನ ಗುರುತು ಮಾತ್ರ ಉಳಿದಿದೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕೂಸಿನ ಬಟ್ಟೆಗಳು ಮತ್ತೆ ಹಗಲಿನ ಬಿಸಿಲಿಗೆ ಬಂದಿವೆ.